ಆಟಗಾರನಿಗೆ ನಿಯತ್ತಿಲ್ಲವಂತೆ!



ಪೋಸ್ಟ್ ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ. ವಿಷಯ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್. "ಇವನಿಗೇನಾಯ್ತಪ್ಪಾ, ಇಲ್ಲೇ ಮಾತಾಡೋಕೆ ಇಷ್ಟೊಂದಿರುವಾಗ" ಅನ್ನಬೇಡಿ. ಕೊನೆ ತನಕ ಓದಿ, ಆಮೇಲೆ ಕಾಮೆಂಟಲ್ಲಿ ಬೈಯಿರಿ.

ನಮ್ಮ ಕಡೆಯ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿ ಬೆಳೆದ ಹುಡುಗನೊಬ್ಬ ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೋಗಿದ್ದಾನೆ. ಅವನ ಹೆಸರು ಬೇಡ, ಅವನ ಕಾಲೇಜಿನ ಹೆಸರೂ ಬೇಡ. ಒಂದು ಮಾರ್ಚ್ ತಿಂಗಳ ಬೆಳಗ್ಗೆ, ನಾನಿನ್ನೂ ಕಾಫಿ ಕುಡಿದಿಲ್ಲ, ವಿಡಿಯೋ ಕಾಲ್ ಮಾಡಿದ. ಮುಖಕ್ಕೆಲ್ಲ ಬಣ್ಣ ಬಳಕೊಂಡಿದ್ದಾನೆ, ಕಣ್ಣಲ್ಲಿ ನೀರು. ನನಗೆ ಗಾಬರಿ.

"ಏನಾಯ್ತೋ?"

"ಸೋತೋದ್ವಿ ಅಣ್ಣಾ."

"ಏನು ಸೋತ್ರಿ?"

"ನಮ್ ಟೀಮು ಅಣ್ಣಾ. ಹೆಸರೇ ಕೇಳಿರದ ಒಂದು ಸಣ್ಣ ಕಾಲೇಜು ಬಂದು ನಮ್ಮನ್ನ ಮನೆಗೆ ಕಳಿಸ್ತು."

ನಾನು ನಕ್ಕೆ. ಅವನಿಗೆ ಬೇಜಾರಾಯ್ತು. ಆಮೇಲೆ ಅವನೇ ಒಂದು ಮಾತು ಹೇಳಿದ, ನನ್ನ ನಗು ನಿಂತಿತು. "ಅಣ್ಣಾ, ಇಲ್ಲಿ ಆಟ ನೋಡೋಕೆ ಹೋದ್ರೆ ಯಾರೂ ನಿಮ್ಮ ಪೈಕಿ ಯಾವುದು ಅಂತ ಕೇಳಲ್ಲ. ನಮ್ ಕಾಲೇಜಿನ ಬಣ್ಣದ ಟೀ ಶರ್ಟ್ ಹಾಕಿದ್ರೆ ಸಾಕು, ಗುರುತೇ ಇಲ್ಲದೋರು ತಬ್ಕೋತಾರೆ. ಅದೇ ನಮ್ಮ ಕನ್ನಡದೋರ ಗಣೇಶನ ಹಬ್ಬಕ್ಕೆ ಹೋದೆ ನೋಡು, ಹತ್ತು ನಿಮಿಷದಲ್ಲಿ ಊರು ಯಾವುದು, ಮನೆದೇವರು ಯಾವುದು, ಅಪ್ಪ ಏನ್ ಮಾಡ್ತಾರೆ ಅಂತ ಶುರು."

ಮನೆದೇವರನ್ನ ಯಾಕೆ ಕೇಳ್ತಾರೆ ಅಂತ ಈ ಪೋಸ್ಟ್ ಓದ್ತಿರೋ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವತ್ತಿಂದ ನಾನೂ ನೋಡೋಕೆ ಶುರು ಮಾಡಿದೆ. ಅಲ್ಲಿನ ರಾತ್ರಿ ಆಟ ನಮಗೆ ಬೆಳಗಿನ ಜಾವ. ಮೊದಲು ಹುಡುಗನಿಗೋಸ್ಕರ ನೋಡಿದೆ, ಆಮೇಲೆ ನನಗೇ ಚಟ ಹತ್ತಿತು. ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳ್ತೀನಿ. ಪ್ರತಿ ಮಾರ್ಚ್‌ನಲ್ಲಿ 68 ಕಾಲೇಜು ತಂಡಗಳ ಟೂರ್ನಿ ನಡೆಯುತ್ತೆ. ಸೋತವರು ಅವತ್ತೇ ಮನೆಗೆ, ಎರಡನೇ ಅವಕಾಶ ಇಲ್ಲ. ನಾಲ್ಕು ವಿಭಾಗ, ಒಂದೊಂದರಲ್ಲೂ 1ರಿಂದ 16ರ ತನಕ ಶ್ರೇಯಾಂಕ. 1ನೇ ಶ್ರೇಯಾಂಕದ ದೊಡ್ಡ ಕಾಲೇಜು ಮೊದಲ ಸುತ್ತಲ್ಲಿ 16ನೇ ಶ್ರೇಯಾಂಕದ ಸಣ್ಣ ಕಾಲೇಜಿನ ಜೊತೆ ಆಡುತ್ತೆ. ಯಾರು ಗೆಲ್ತಾರೆ ಅಂತ ಜನ ಮೊದಲೇ ಒಂದು ಹಾಳೆ ತುಂಬ್ತಾರೆ, ಅದಕ್ಕೆ 'ಬ್ರಾಕೆಟ್' ಅಂತಾರೆ. ಆಫೀಸಲ್ಲಿ, ಹಾಸ್ಟೆಲಲ್ಲಿ, ಮನೆಮನೆಯಲ್ಲಿ ತುಂಬ್ತಾರೆ. ಬರೇ ನಾಣ್ಯ ಚಿಮ್ಮಿಸಿ 63 ಆಟಗಳನ್ನೂ ಸರಿಯಾಗಿ ಹೇಳೋ ಸಾಧ್ಯತೆ 92 ಸಾವಿರ ಕೋಟಿ ಕೋಟಿಯಲ್ಲಿ ಒಂದು. ಅಂದ್ರೆ ಎಲ್ಲರ ಹಾಳೆಯೂ ಹರಿಯುತ್ತೆ. ಹರಿಯೋದನ್ನ ನೋಡೋದೇ ಹಬ್ಬ.

ಆ ಹಬ್ಬದ ದೊಡ್ಡ ಖುಷಿ ಅಂದ್ರೆ ಸಣ್ಣವರು ದೊಡ್ಡವರನ್ನ ಉರುಳಿಸೋದು. ಅದನ್ನ ಅವರು 'ಅಪ್‌ಸೆಟ್' ಅಂತಾರೆ.

2018ರ ಮಾರ್ಚ್ 16. ಅಲ್ಲಿ ತನಕ ಪುರುಷರ ಟೂರ್ನಿಯಲ್ಲಿ 1ನೇ ಶ್ರೇಯಾಂಕದವರು 16ನೆಯವರ ಎದುರು 135 ಸಲ ಆಡಿದ್ದರು, 135 ಸಲವೂ ಗೆದ್ದಿದ್ದರು. ಅವತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸು, ಚೆಸ್ ತಂಡಕ್ಕೆ ಹೆಸರಾದ ಕಾಲೇಜು, ದೇಶಕ್ಕೇ ನಂಬರ್ ಒನ್ ಆಗಿದ್ದ ವರ್ಜೀನಿಯಾವನ್ನ 74-54ರಲ್ಲಿ ಹೊಡೆದುಹಾಕ್ತು. ಅರ್ಧ ಆಟಕ್ಕೆ 21-21 ಸಮ ಇತ್ತು. ಕೊನೆಗೆ ಇಪ್ಪತ್ತು ಪಾಯಿಂಟ್ ಅಂತರ!

ಆ ಕಾಲೇಜಿನ ಅಂದಿನ ಅಧ್ಯಕ್ಷರು ಯಾರು ಗೊತ್ತಾ? ಫ್ರೀಮನ್ ಹ್ರಬೋವ್‌ಸ್ಕಿ. ಕಪ್ಪು ಜನಾಂಗದ ಗಣಿತಜ್ಞ. 1963ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ವರ್ಣಭೇದದ ವಿರುದ್ಧ ಮಕ್ಕಳು ಬೀದಿಗಿಳಿದಾಗ, ಹನ್ನೆರಡು ವರ್ಷದ ಹುಡುಗನಾಗಿ ಜೈಲು ಸೇರಿದವರು. ಕಪ್ಪು ವಿದ್ಯಾರ್ಥಿಗಳನ್ನ ವಿಜ್ಞಾನದಲ್ಲಿ ಪಿಎಚ್‌.ಡಿ. ತನಕ ಕೈಹಿಡಿದು ನಡೆಸೋ ಕಾರ್ಯಕ್ರಮವನ್ನ ಆ ಕ್ಯಾಂಪಸ್ಸಲ್ಲಿ ದಶಕಗಳ ಕಾಲ ಕಟ್ಟಿದವರು. ಇಡೀ ಅಮೆರಿಕ ಅವತ್ತು ರಾತ್ರಿ ಆ ಕಾಲೇಜಿನ ಹೆಸರು ಹುಡುಕ್ತು. ಯಾಕೆ? ಬ್ಯಾಸ್ಕೆಟ್‌ಬಾಲ್ ಗೆದ್ದಿದ್ದಕ್ಕೆ. ವಿಜ್ಞಾನಿಗಳನ್ನ ತಯಾರು ಮಾಡಿದ್ದಕ್ಕೆ ಅಲ್ಲ. ಇದನ್ನ ಪಕ್ಕಕ್ಕಿಟ್ಟುಕೊಂಡಿರಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಟೂರ್ನಿ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಹುಡುಗ ಮತ್ತೆ ಫೋನ್ ಮಾಡಿದ. ಈ ಸಲ ಅಳು ಇಲ್ಲ, ಸಿಟ್ಟು.

"ಅಣ್ಣಾ, ನಮ್ ಸ್ಟಾರ್ ಪ್ಲೇಯರ್ರು ಬೇರೆ ಕಾಲೇಜಿಗೆ ಹೋಗ್ಬಿಟ್ಟ. ದುಡ್ಡು ಜಾಸ್ತಿ ಕೊಟ್ರಂತೆ. ಇಷ್ಟು ಪ್ರೀತಿ ಕೊಟ್ವಿ, ತಲೆ ಮೇಲೆ ಹೊತ್ಕೊಂಡು ಮೆರೆಸಿದ್ವಿ. ನಿಯತ್ತೇ ಇಲ್ಲ ಅಣ್ಣಾ ಅವನಿಗೆ."

ನಿಯತ್ತು.

ಆ ಪದ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ನಮ್ಮ ತಾತ ಗೌಡರೊಬ್ಬರ ಮನೇಲಿ ಜೀತಕ್ಕಿದ್ದ. ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ. ಸಾಲ ಮಾತ್ರ ಬೆಳೀತಾನೇ ಇರೋದು. ಒಂದಿನ ರಸ್ತೆ ಕೆಲಸಕ್ಕೆ ಹೋದ್ರೆ ಕೈಗೆ ದುಡ್ಡು ಸಿಗುತ್ತೆ ಅಂತ ಗೊತ್ತಾಗಿ ಹೊರಟೇಬಿಟ್ಟ. ಅದಕ್ಕೆ ಊರ ಚಾವಡೀಲಿ ಬಂದ ಮಾತು ಇದೇ: "ಉಂಡ ಮನೆಗೆ ನಿಯತ್ತಿಲ್ಲ." ಸಾಯೋ ತನಕ ತಾತ ಆ ಮಾತನ್ನ ಹೇಳ್ತಿದ್ದ. ಜೀತದ ಏಟುಗಳನ್ನ ಅಷ್ಟು ಹೇಳ್ತಿರಲಿಲ್ಲ, ಈ ಮಾತನ್ನ ಹೇಳ್ತಿದ್ದ.

ಹುಡುಗನಿಗೆ ಅದನ್ನೇ ಹೇಳಿದೆ. ಅವನಿಗೆ ಇಷ್ಟವಾಗಲಿಲ್ಲ. "ಅಣ್ಣಾ, ಎಲ್ಲದಕ್ಕೂ ಅದನ್ನೇ ತರ್ತೀಯ. ಇದು ಆಟ. ಅವರಿಗೆ ಸ್ಕಾಲರ್‌ಶಿಪ್ ಇದೆ, ಊಟ ಇದೆ, ಹಾಸ್ಟೆಲ್ ಇದೆ. ಜೀತಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?"

ನಿಜ. ಹೋಲಿಕೆ ಪೂರ್ತಿ ಕೂರಲ್ಲ, ಕೂರಿಸೋಕೆ ನಾನೂ ಹೋಗಲ್ಲ. ಜಾತಿ ಬೇರೆ, ಬಣ್ಣ ಬೇರೆ. ಅಲ್ಲಿ ಓದಿ ಡಿಗ್ರಿ ತಗೊಂಡು ಮನೆಗೆ ಮೊದಲ ಪದವೀಧರರಾದ ಆಟಗಾರರು ಸಾವಿರಾರು ಜನ. ಸ್ಕಾಲರ್‌ಶಿಪ್ಪಿನ ಬೆಲೆ ಏನು ಅಂತ ಹಾಸ್ಟೆಲ್ ಊಟ ಉಂಡು ಬೆಳೆದ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಾನು ಕೇಳ್ತಿರೋದು ಒಂದೇ ಪ್ರಶ್ನೆ. ನಿಯತ್ತು ಅನ್ನೋದನ್ನ ಯಾವಾಗಲೂ ಯಾರಿಗೆ ಹೇಳ್ತಾರೆ? ಯಾರಿಗೆ ಹೇಳಲ್ಲ?

ಲೆಕ್ಕ ನೋಡಿ. ಆ ಟೂರ್ನಿಯನ್ನ ನಡೆಸೋದು ಎನ್‌ಸಿಎಎ ಅನ್ನೋ ಸಂಸ್ಥೆ, ಅಂದ್ರೆ ಕಾಲೇಜುಗಳೇ ಸೇರಿ ಮಾಡಿಕೊಂಡ ಕೂಟ. ಪುರುಷರ ಟೂರ್ನಿಯನ್ನ ಟಿವಿಯಲ್ಲಿ ತೋರಿಸೋ ಹಕ್ಕಿಗೆ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್ ಬರುತ್ತೆ, 2032ರ ತನಕ ಒಪ್ಪಂದ ಆಗಿದೆ. ದೊಡ್ಡ ಕಾಲೇಜುಗಳ ಕೋಚ್‌ಗಳಿಗೆ ವರ್ಷಕ್ಕೆ ಲಕ್ಷ ಲಕ್ಷ ಡಾಲರ್ ಸಂಬಳ. ಆಡೋ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಹುಡುಗರು. ಅವರಿಗೆ ಸಂಬಳ ಕೊಡೋ ಹಾಗಿರಲಿಲ್ಲ. ಯಾಕೆ? ಅವರು ಕೆಲಸಗಾರರಲ್ಲ, 'ಸ್ಟೂಡೆಂಟ್ ಅಥ್ಲೀಟ್' ಅಂತ.

ಆ ಪದ ಎಲ್ಲಿಂದ ಬಂತು ಅನ್ನೋದು ತಿಳಿಯಬೇಕಾದ ಕತೆ. 1955ರಲ್ಲಿ ಕೊಲರಾಡೋದಲ್ಲಿ ಕಾಲೇಜು ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟಾಗಿ ಒಬ್ಬ ಆಟಗಾರ ತೀರಿಕೊಂಡ. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿ ಕೋರ್ಟಿಗೆ ಹೋದಳು. ಅವನು ಕಾಲೇಜಿನ ನೌಕರ ಅಲ್ಲ ಅಂತ ಆ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಪರಿಹಾರ ನಿರಾಕರಿಸಿತು. ಇಂಥ ಪರಿಹಾರದ ಕೇಸುಗಳ ಭಯಕ್ಕೇ ಆ ಪದ ಹುಟ್ಟಿಸಿದ್ವಿ ಅಂತ ಆಮೇಲೆ ಬರೆದವರು ಯಾರೋ ಹೊರಗಿನ ಟೀಕಾಕಾರರಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಎನ್‌ಸಿಎಎಯನ್ನ ಆಳಿದ ವಾಲ್ಟರ್ ಬೈಯರ್ಸ್. ನಿವೃತ್ತಿಯಾದ ಮೇಲೆ, 1995ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ಈ ವ್ಯವಸ್ಥೆಯನ್ನ ಹಳೇ ಕಾಲದ ತೋಟದ ಯಜಮಾನಿಕೆಗೆ ಅವರೇ ಹೋಲಿಸಿದರು. ಕೆಲಸ ಮಾಡಿಸಿಕೊಂಡು ಕೆಲಸಗಾರ ಅನ್ನೋ ಹೆಸರು ಮಾತ್ರ ಕೊಡದೇ ಇರೋದು ನಮಗೇನು ಹೊಸದಾ? ನಮ್ಮ ಪೌರಕಾರ್ಮಿಕರನ್ನ ಕೇಳಿ.

2014ರಲ್ಲಿ ಕನೆಕ್ಟಿಕಟ್ ತಂಡ ಕೆಂಟಕಿಯನ್ನ 60-54ರಲ್ಲಿ ಸೋಲಿಸಿ ಕಪ್ ಗೆದ್ದಿತು. ಆ ತಂಡದ ಜೀವಾಳ ಶಬಾಜ್ ನೇಪಿಯರ್. ಆ ದಿನಗಳಲ್ಲೇ ಅವನು ಪತ್ರಕರ್ತರ ಮುಂದೆ, ಕೆಲವು ರಾತ್ರಿ ಹಸಿದು ಮಲಗ್ತೀನಿ ಅಂದ. ಅವನ ಹೆಸರಿನ ಅಂಗಿ ಅಂಗಡಿಯಲ್ಲಿ ಮಾರಾಟ ಆಗ್ತಿತ್ತು! ಆ ಮಾತು ದೇಶವೆಲ್ಲ ಹಬ್ಬಿದ ಕೆಲವೇ ದಿನಕ್ಕೆ ಊಟದ ನಿಯಮ ಸಡಿಲ ಆಯ್ತು. ಅಷ್ಟು ವರ್ಷ ಆಗದ್ದು ಒಂದೇ ವಾರದಲ್ಲಿ ಹೇಗಾಯ್ತು? ಕಪ್ ಗೆದ್ದವನು ಬಾಯಿ ಬಿಟ್ಟಿದ್ದಕ್ಕೆ.

ಇನ್ನು ಬಿಟ್ಟು ಹೋಗೋ ವಿಷಯ. ಕೋಚ್ ಇವತ್ತು ಸಂಜೆ ರಾಜೀನಾಮೆ ಕೊಟ್ಟು ನಾಳೆ ಬೆಳಗ್ಗೆ ದುಪ್ಪಟ್ಟು ಸಂಬಳಕ್ಕೆ ಇನ್ನೊಂದು ಕಾಲೇಜಿಗೆ ಹೋಗಬಹುದು. ಅದಕ್ಕೆ 'ಬೆಳವಣಿಗೆ' ಅಂತಾರೆ. ಅವನನ್ನೇ ನಂಬಿ ಬಂದ ಹುಡುಗ ಹೋಗಬೇಕು ಅಂದ್ರೆ ಒಂದು ವರ್ಷ ಬೆಂಚ್ ಮೇಲೆ ಕೂರಬೇಕಿತ್ತು. ಆ ನಿಯಮ ಸಡಿಲ ಆಗಿದ್ದು 2021ರಲ್ಲಿ. 2022ರಲ್ಲಿ ಸೇಂಟ್ ಪೀಟರ್ಸ್ ಅನ್ನೋ ಜೆರ್ಸಿ ಸಿಟಿಯ ಪುಟ್ಟ ಕಾಲೇಜು 15ನೇ ಶ್ರೇಯಾಂಕದಿಂದ ಬಂದು ಮೊದಲ ಆಟದಲ್ಲೇ ಕೆಂಟಕಿಯನ್ನ 85-79ರಲ್ಲಿ ಬೀಳಿಸಿತು. ಅವತ್ತು ಕೆಂಟಕಿಯ ಒಬ್ಬ ಕೋಚ್‌ನ ಸಂಬಳ ಸೇಂಟ್ ಪೀಟರ್ಸ್ ತಂಡದ ಇಡೀ ವರ್ಷದ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಮರ್ರಿ ಸ್ಟೇಟ್ ಬಿತ್ತು, ಪರ್ಡ್ಯೂ ಬಿತ್ತು. ಕೊನೆಯ ಎಂಟರ ತನಕ ಹೋದ ಮೊದಲ 15ನೇ ಶ್ರೇಯಾಂಕದ ತಂಡ ಅದು. ಮುಗಿದ ಕೆಲವೇ ದಿನಕ್ಕೆ ಕೋಚ್ ತಾನು ಓದಿದ ಹಳೇ ಕಾಲೇಜಿಗೆ ಹೊರಟರು. ಜನ ಹರಸಿ ಕಳಿಸಿದರು. ಕಳಿಸಬೇಕಾದ್ದೇ, ಅವರ ದುಡಿಮೆಗೆ ಸಿಕ್ಕ ಬೆಲೆ ಅದು. ಅದೇ ಹರಕೆ ಹುಡುಗರಿಗೆ ಯಾಕಿಲ್ಲ ಅನ್ನೋದಷ್ಟೇ ನನ್ನ ತಕರಾರು.

ಹುಡುಗ ಇನ್ನೊಂದು ವಾದ ತಂದ. ಸಂಖ್ಯೆ ಇಟ್ಟುಕೊಂಡೇ ತಂದ. "ದುಡ್ಡು ಬಂದ ಮೇಲೆ ಸಣ್ಣ ಕಾಲೇಜುಗಳು ಸತ್ತೋಗ್ತಿವೆ ಅಣ್ಣಾ. ಸಣ್ಣೋರು ಹುಡುಗರನ್ನ ಬೆಳೆಸ್ತಾರೆ, ದೊಡ್ಡೋರು ಎತ್ಕೊಂಡು ಹೋಗ್ತಾರೆ. 2025ರಲ್ಲಿ ಕೊನೆ ಹದಿನಾರರಲ್ಲಿ ಉಳಿದಿದ್ದು ಬರೀ ನಾಲ್ಕು ದೊಡ್ಡ ಲೀಗುಗಳ ತಂಡಗಳು. ಕೊನೆ ನಾಲ್ಕರಲ್ಲಿ ನಾಲ್ಕೂ 1ನೇ ಶ್ರೇಯಾಂಕ. ನಿನಗೆ ಅಪ್‌ಸೆಟ್ ಇಷ್ಟ ತಾನೇ? ಇನ್ನು ಮೇಲೆ ಅಪ್‌ಸೆಟ್ಟೇ ಇರಲ್ಲ."

ಈ ವಾದಕ್ಕೆ ತೂಕ ಇದೆ. ಅವನು ಕೊಟ್ಟ ಸಂಖ್ಯೆಗಳೂ ಸರಿ. ಆದರೆ ದೊಡ್ಡವರು ಸಣ್ಣವರ ಅಂಗಳದಿಂದ ಪ್ರತಿಭೆ ಎತ್ತಿಕೊಂಡು ಹೋಗೋದು ಆಟಗಾರನ ಕೈಗೆ ದುಡ್ಡು ಬಂದ ಮೇಲೆ ಶುರುವಾಗಿದ್ದಾ? ಹಿಂದಕ್ಕೆ ಹೋಗಿ ನೋಡೋಣ.

ಒಂದು ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ದೊಡ್ಡ ಕಾಲೇಜುಗಳು ಕಪ್ಪು ಹುಡುಗರನ್ನ ಗೇಟಿನೊಳಕ್ಕೇ ಬಿಡ್ತಿರಲಿಲ್ಲ. ಅವರು ಓದಿದ್ದು, ಆಡಿದ್ದು ಕಪ್ಪು ಜನರಿಗಾಗಿಯೇ ಕಟ್ಟಿದ ಕಾಲೇಜುಗಳಲ್ಲಿ. ಜಾನ್ ಮೆಕ್‌ಲೆಂಡನ್ ಅನ್ನೋ ಕಪ್ಪು ಕೋಚ್ ಟೆನೆಸ್ಸೀಯ ಅಂಥದ್ದೊಂದು ಕಾಲೇಜಿಗೆ 1957, 58, 59ರಲ್ಲಿ ಸತತ ಮೂರು ಸಲ ಎನ್‌ಎಐಎ ಅನ್ನೋ ಇನ್ನೊಂದು ಒಕ್ಕೂಟದ ರಾಷ್ಟ್ರೀಯ ಪ್ರಶಸ್ತಿ ತಂದರು. 1963ರಲ್ಲಿ ಮಿಸಿಸಿಪಿ ಸ್ಟೇಟ್ ಕಾಲೇಜಿನ ಬಿಳಿ ತಂಡ, ಕಪ್ಪು ಆಟಗಾರರ ಎದುರು ಆಡಬಾರದು ಅಂತ ಬಂದ ಕೋರ್ಟ್ ತಡೆಯನ್ನ ತಪ್ಪಿಸಿಕೊಂಡು, ಕದ್ದು ರಾಜ್ಯದ ಗಡಿ ದಾಟಿ ಹೋಗಿ ಶಿಕಾಗೋದ ಲೊಯೋಲಾ ಎದುರು ಆಡಿತು. ಲೊಯೋಲಾದ ಮೊದಲ ಐವರಲ್ಲಿ ನಾಲ್ವರು ಕಪ್ಪು ಹುಡುಗರು. ಲೊಯೋಲಾ 61-51ರಲ್ಲಿ ಗೆದ್ದಿತು, ಆ ವರ್ಷದ ಕಪ್ಪನ್ನೂ ಎತ್ತಿತು. ಆಟಕ್ಕೆ ಮುಂಚೆ ಎರಡೂ ಕಡೆ ನಾಯಕರು ಕೈ ಕುಲುಕಿದ್ದೇ ಅವತ್ತು ದೊಡ್ಡ ಸುದ್ದಿ. ಕೈ ಮುಟ್ಟಿದ್ದು ಸುದ್ದಿ! ಯಾಕೆ ಸುದ್ದಿ ಅಂತ ನಮಗೆ ಅರ್ಥ ಆಗೋಕೆ ಪುಸ್ತಕ ಬೇಕಾಗಿಲ್ಲ.

1966ರ ಮಾರ್ಚ್ 19. ಟೆಕ್ಸಾಸ್ ವೆಸ್ಟರ್ನ್ ಕಾಲೇಜಿನ ಕೋಚ್ ಡಾನ್ ಹ್ಯಾಸ್ಕಿನ್ಸ್ ಐವರು ಕಪ್ಪು ಹುಡುಗರನ್ನ ಫೈನಲ್ ಅಂಗಳಕ್ಕೆ ಇಳಿಸಿದ. ಎದುರಿಗೆ ಕೆಂಟಕಿ, ಪೂರ್ತಿ ಬಿಳಿ ತಂಡ. ಅವತ್ತಿಡೀ ಟೆಕ್ಸಾಸ್ ವೆಸ್ಟರ್ನ್ ಪರ ಆಡಿದ ಏಳು ಜನರೂ ಕಪ್ಪು ಹುಡುಗರೇ. 72-65ರಲ್ಲಿ ಗೆದ್ದರು. ಕಪ್ಪು ಹುಡುಗರಿಗೆ ಓಡೋದು, ನೆಗೆಯೋದು ಬರುತ್ತೆ, ಒತ್ತಡದಲ್ಲಿ ತಲೆ ಓಡಿಸೋಕೆ ಬರಲ್ಲ ಅಂತ ರಾಜಾರೋಷವಾಗಿ ಹೇಳ್ತಿದ್ದ ಕಾಲ ಅದು. ಮೆರಿಟ್ ಬಗ್ಗೆ ನಮಗೆ ಹೇಳ್ತಾರಲ್ಲ, ಅದೇ ಧಾಟಿ. ಆ ಮಾತಿನ ಬೆನ್ನು ಅವತ್ತು ರಾತ್ರಿ ಮುರಿಯಿತು. ಹಾಲಿವುಡ್ಡು 2006ರಲ್ಲಿ ಸಿನಿಮಾನೂ ಮಾಡ್ತು.

ಸಿನಿಮಾ ಅಲ್ಲಿಗೆ ಮುಗಿಯುತ್ತೆ. ಕತೆ ಮುಗಿಯಲ್ಲ. ಎರಡೇ ವರ್ಷಕ್ಕೆ, 1968ರಲ್ಲಿ, 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ ಕಪ್ಪು ಕ್ರೀಡಾಪಟುಗಳ ಪಾಡಿನ ಬಗ್ಗೆ ಸರಣಿ ಬರೆದಾಗ ಇದೇ ಟೆಕ್ಸಾಸ್ ವೆಸ್ಟರ್ನ್ ಕ್ಯಾಂಪಸ್ಸು ಅದರಲ್ಲಿ ಬಂತು. ಅಂಗಳದಲ್ಲಿ ಚಪ್ಪಾಳೆ ಗಿಟ್ಟಿಸಿದ ಹುಡುಗರಿಗೆ ಅಂಗಳದ ಆಚೆ ಸಿಕ್ಕ ನಡವಳಿಕೆ ಏನು ಅಂತ.

ಪೆರ್ರಿ ವ್ಯಾಲೇಸ್ ಕತೆ ಇನ್ನೂ ಸುಡುತ್ತೆ. ದಕ್ಷಿಣದ ದೊಡ್ಡ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರ, ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವನು. ಹುಡುಕಿಕೊಂಡು ಬಂದು ಕರಕೊಂಡು ಹೋಗಿದ್ದು ಅವರೇ. ಊರೂರಿನ ಅಂಗಳಗಳಲ್ಲಿ ಬೈಗುಳ, ಬೆದರಿಕೆ. ಕ್ಯಾಂಪಸ್ ಪಕ್ಕದ ಚರ್ಚಿಗೆ ಪ್ರಾರ್ಥನೆಗೆ ಹೋದ್ರೆ, ಇನ್ನು ಬರಬೇಡಪ್ಪಾ ಅಂತ ಹಿರಿಯರು ಹೇಳಿ ಕಳಿಸಿದರು. ಅವನು 1970ರಲ್ಲಿ ಎಂಜಿನಿಯರಿಂಗ್ ಮುಗಿಸಿ, ತನ್ನ ಒಂಟಿತನವನ್ನೆಲ್ಲ ಒಂದು ಪತ್ರಿಕೆಗೆ ಬಿಚ್ಚಿ ಹೇಳಿ, ಊರು ಬಿಟ್ಟ. ಕೊನೆಗೆ ಕಾನೂನು ಪ್ರಾಧ್ಯಾಪಕನಾದ. ಅವನ ಅಂಗಿ ಸಂಖ್ಯೆಗೆ ವಿಶ್ವವಿದ್ಯಾಲಯ ಗೌರವ ಕೊಟ್ಟಿದ್ದು 2004ರಲ್ಲಿ.

ಆಮೇಲೆ ದೊಡ್ಡ ಕಾಲೇಜುಗಳಿಗೆ ಬುದ್ಧಿ ಬಂತು. ನ್ಯಾಯಬುದ್ಧಿ ಅಂದುಕೋಬೇಡಿ, ಗೆಲ್ಲೋ ಬುದ್ಧಿ. ಕಪ್ಪು ಹುಡುಗರಿಲ್ಲದೆ ಕಪ್ ಬರಲ್ಲ ಅಂತ ಗೊತ್ತಾಯ್ತು. ಎಲ್ಲರೂ ಬೇಟೆಗೆ ಇಳಿದರು, ಅದಕ್ಕೆ 'ರಿಕ್ರೂಟಿಂಗ್' ಅಂತ ಹೆಸರು. ಹೈಸ್ಕೂಲ್ ಹುಡುಗನ ಮನೆ ಬಾಗಿಲಿಗೆ ಕೋಚ್‌ಗಳು ಸಾಲು ನಿಂತರು. ಕಪ್ಪು ಜನರ ಕಾಲೇಜುಗಳು ಬರಿದಾದವು. ಅವು ಈಗ ಟೂರ್ನಿಗೆ ಬಂದರೆ ಸಾಮಾನ್ಯವಾಗಿ 15, 16ನೇ ಶ್ರೇಯಾಂಕ. ಹಲವು ವರ್ಷ ಡೇಟನ್ ಊರಲ್ಲಿ ನಡೆಯೋ ಅರ್ಹತಾ ಆಟವನ್ನೂ ಗೆದ್ದು ಒಳಗೆ ಬರಬೇಕು. ಆದರೂ ಬಿಟ್ಟರಾ? 1997ರಲ್ಲಿ ಕಾಪಿನ್ ಸ್ಟೇಟ್, ಸೌತ್ ಕೆರೊಲಿನಾವನ್ನ 78-65ರಲ್ಲಿ ಬೀಳಿಸ್ತು. 2001ರಲ್ಲಿ ಹ್ಯಾಂಪ್ಟನ್, ಅಯೋವಾ ಸ್ಟೇಟನ್ನ 58-57ರಲ್ಲಿ. 2012ರಲ್ಲಿ ನಾರ್ಫೋಕ್ ಸ್ಟೇಟ್, ಮಿಸ್ಸೂರಿಯನ್ನ 86-84ರಲ್ಲಿ. ಮೂರೂ ಕಪ್ಪು ಜನರ ಕಾಲೇಜುಗಳು, ಮೂರೂ 15ನೇ ಶ್ರೇಯಾಂಕ, ಮೂರೂ 2ನೇ ಶ್ರೇಯಾಂಕದವರನ್ನ ಉರುಳಿಸಿದ್ದು. ದೊಡ್ಡವರು ಬೇಡ ಅಂತ ಬಿಟ್ಟುಹೋದ ಹುಡುಗರನ್ನೇ ಕಟ್ಟಿಕೊಂಡು ಗೆದ್ದರು.

ನಾನು ಹುಡುಗನಿಗೆ ಹೇಳಿದ್ದು ಇಷ್ಟೇ. ಹಿಂದೆ ದೊಡ್ಡ ಕಾಲೇಜುಗಳು ಪ್ರತಿಭೆ ಎತ್ತಿಕೊಂಡು ಹೋಗುವಾಗ ಲಾಭ ಕಾಲೇಜಿಗೆ, ಕೋಚ್‌ಗೆ, ಟಿವಿಗೆ, ಶೂ ಕಂಪನಿಗೆ. ಅವತ್ತು ಯಾರೂ ಸಣ್ಣ ಕಾಲೇಜುಗಳಿಗೋಸ್ಕರ ಕಣ್ಣೀರು ಹಾಕಲಿಲ್ಲ. ಇವತ್ತು ಒಂದು ಪಾಲು ಹುಡುಗನ ಜೇಬಿಗೆ ಹೋಗ್ತಿದೆ ಅಂದ ತಕ್ಷಣ ಆಟ ಕೆಟ್ಟುಹೋಯ್ತಾ? ಸಣ್ಣ ಕಾಲೇಜು ಉಳೀಬೇಕು ಅನ್ನೋರು ಆ 110 ಕೋಟಿ ಡಾಲರ್ ಹೇಗೆ ಹಂಚಿಕೆ ಆಗ್ತಿದೆ ಅಂತ ಕೇಳಲಿ. ಹತ್ತೊಂಬತ್ತು ವರ್ಷದ ಹುಡುಗನ ನಿಯತ್ತಿನ ಮೇಲೆ ಆ ಭಾರ ಯಾಕೆ ಹೊರಿಸ್ತೀರಿ?

ಇನ್ನೊಂದು ಮಾತು. ಈ ದುಡ್ಡು ಯಾರೂ ದಯೆ ತೋರಿಸಿ ಕೊಟ್ಟಿದ್ದಲ್ಲ. ಎಡ್ ಓ'ಬ್ಯಾನನ್ ಅಂತ, 1995ರಲ್ಲಿ ಯುಸಿಎಲ್‌ಎಗೆ ಕಪ್ ಗೆಲ್ಲಿಸಿದವನು. ವರ್ಷಗಳಾದ ಮೇಲೆ ಗೆಳೆಯನ ಮಗ ಆಡ್ತಿದ್ದ ವಿಡಿಯೋ ಗೇಮಲ್ಲಿ ತನ್ನನ್ನೇ ನೋಡಿದ. ಅದೇ ಬಣ್ಣ, ಅದೇ ಅಂಗಿ ಸಂಖ್ಯೆ, ಅದೇ ಎಡಗೈ ಹೊಡೆತ. ಅವನಿಗೆ ಒಂದು ಡಾಲರ್ ಇಲ್ಲ. 2009ರಲ್ಲಿ ಕೇಸು ಹಾಕಿದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವನ ಪರ ತೀರ್ಪು ಕೊಟ್ಟರು. ಆಮೇಲೆ ಶಾನ್ ಆಲ್‌ಸ್ಟನ್ ಅನ್ನೋ ಫುಟ್‌ಬಾಲ್ ಆಟಗಾರನ ಹೆಸರಿನ ಕೇಸು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಹತ್ತೇ ದಿನಕ್ಕೆ, ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡಿಯಬಹುದು ಅಂತ ಬಾಗಿಲು ತೆರೀತು. 2025ರ ಜೂನ್‌ನಲ್ಲಿ ಅದೇ ವಿಲ್ಕನ್ ಒಂದು ದೊಡ್ಡ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ. ಮೊದಲ ವರ್ಷಕ್ಕೆ ಒಂದು ಕಾಲೇಜು ತನ್ನ ಎಲ್ಲ ಆಟಗಳ ಆಟಗಾರರಿಗೂ ಸೇರಿ 2 ಕೋಟಿ 5 ಲಕ್ಷ ಡಾಲರ್ ತನಕ ನೇರವಾಗಿ ಹಂಚಬಹುದು. ಈ ನಡುವೆ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 13-2 ಮತಗಳಿಂದ ಯೂನಿಯನ್ ಕಟ್ಟಿದರು. ವರ್ಷದ ಕೊನೆಗೆ ಆ ಅರ್ಜಿ ವಾಪಸ್ ಆಯ್ತು, ನಿಜ. ಆದರೆ ಮತ ಹಾಕಿದ್ದು ಹಾಕಿದ್ದೇ.

ಅಪ್‌ಸೆಟ್ ಒಂದು ರಾತ್ರಿಯದ್ದು. ಬೆಳಗ್ಗೆ ಎದ್ದರೆ ದೊಡ್ಡ ಕಾಲೇಜು ದೊಡ್ಡದೇ, ಸಣ್ಣದು ಸಣ್ಣದೇ. ನಿಯಮ ಬದಲಾಗಿದ್ದು ಕೋರ್ಟಲ್ಲಿ, ಕಾಲೇಜು ಆಟ ಬಿಟ್ಟ ಮೇಲೆ ಹದಿನಾಲ್ಕು ವರ್ಷಕ್ಕೆ ಹೆಸರು ಮರೆತುಹೋಗಿದ್ದ ಒಬ್ಬ ಆಟಗಾರ ಸಹಿ ಹಾಕಿದ ಅರ್ಜಿಯಿಂದ.

ಇದೆಲ್ಲ ದೂರದ ಕತೆ ಅನ್ನಿಸಿದರೆ, ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನ ನೆನಪು ಮಾಡಿಕೊಳ್ಳಿ. ಚಮ್ಮಾರ ಕುಟುಂಬ. ಪುಣೆಯಲ್ಲಿ ಯುರೋಪಿಯನ್ನರ ಕ್ರಿಕೆಟ್ ಮೈದಾನದಲ್ಲಿ ಪಿಚ್ ನೋಡಿಕೊಂಡು, ನೆಟ್ಸ್‌ನಲ್ಲಿ ಬಿಳಿಯರಿಗೆ ಚೆಂಡು ಎಸೆದು ಎಸೆದು ದೊಡ್ಡ ಸ್ಪಿನ್ನರ್ ಆದವರು. ಬಿಳಿಯರನ್ನ ಸೋಲಿಸಬೇಕು ಅಂದ್ರೆ ಈ ಕೈ ಬೇಕು ಅಂತ ಹಿಂದೂ ಕ್ಲಬ್ಬಿಗೆ ಗೊತ್ತಾದ ಮೇಲೆ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅದೇ ಚೆಂಡು ಎಲ್ಲರೂ ಮುಟ್ಟೋರು. ಟೀ ವಿರಾಮದಲ್ಲಿ ಬಾಳೂಗೆ ಮಾತ್ರ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡ್‌ಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದು ಬಂದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅವರ ತಮ್ಮ ವಿಠಲ್‌ಗೆ ಸಿಕ್ಕಿತು, ಅದೂ 1923ರಲ್ಲಿ. ಇನ್ನೂ ಕಹಿಯಾದ ಭಾಗ ಉಂಟು. 1937ರಲ್ಲಿ ಕಾಂಗ್ರೆಸ್ ಇದೇ ಬಾಳೂ ಅವರನ್ನ ಬಾಬಾಸಾಹೇಬರ ಎದುರಿಗೇ ಚುನಾವಣೆಗೆ ನಿಲ್ಲಿಸಿತು. ಬಾಳೂ ಸೋತರು. ಒಂದು ಕಾಲಕ್ಕೆ ಅವರನ್ನ ಮೆಚ್ಚಿ ಮಾತಾಡಿದವರು ಬಾಬಾಸಾಹೇಬರು. ರಿಕ್ರೂಟಿಂಗ್ ಅಂದ್ರೆ ಮೈದಾನದ್ದು ಮಾತ್ರ ಅಲ್ಲ ಗೆಳೆಯರೇ, ಪ್ರತಿ ಚುನಾವಣೆಗೂ ನಮ್ಮ ಹಟ್ಟಿಗಳಲ್ಲಿ ನಡೆಯೋದನ್ನ ನೀವೂ ನೋಡಿದ್ದೀರಿ.

ಕೆಲವು ಸಂಗಾತಿಗಳು ಕೇಳ್ತಾರೆ, "ಬಂಡವಾಳಶಾಹಿ ತಮಾಷೆ ನೋಡ್ಕೊಂಡು ಕೂತಿದ್ದೀಯಲ್ಲ" ಅಂತ. ನೋಡ್ತೀನಿ. ಖುಷಿಗೇ ನೋಡ್ತೀನಿ. 16ನೇ ಶ್ರೇಯಾಂಕದ ಹುಡುಗ 1ನೇ ಶ್ರೇಯಾಂಕದವರ ಮುಂದೆ ಚೆಂಡು ಹಾಕಿ ಎದೆ ಬಡಕೊಂಡಾಗ ನನ್ನೆದೆಯೂ ಬಡಿಯುತ್ತೆ. ನಮ್ಮ ಜನಕ್ಕೆ ಖುಷಿ ಪಡೋಕೂ ಪರ್ಮಿಷನ್ ಬೇಕಾ? ಆದರೆ ಆ ಹುಡುಗನನ್ನ ಮಾರ್ಚ್‌ನಲ್ಲಿ ಹೆಗಲ ಮೇಲೆ ಹೊತ್ತು ಏಪ್ರಿಲ್‌ನಲ್ಲಿ ನಿಯತ್ತಿಲ್ಲದವನು ಅಂತ ಬೈಯೋ ಅಭಿಮಾನ ನನಗೆ ಬೇಡ. ಅವನ ಆಟಕ್ಕೆ ಚಪ್ಪಾಳೆ ಹೊಡೆದ ಕೈ ಅವನ ಕೂಲಿ ಲೆಕ್ಕಕ್ಕೂ ಎದ್ದು ನಿಲ್ಲಬೇಕು.

ಹುಡುಗ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ಫೋನ್ ಮಾಡಿದಾಗ, ಬಿಟ್ಟುಹೋದ ಆ ಆಟಗಾರ ಹೊಸ ಕಾಲೇಜಿನ ಪರ ಚೆನ್ನಾಗಿ ಆಡ್ತಿದ್ದಾನೆ ಅಂದ. "ನೋಡ್ತಿದ್ದೀಯಾ?" ಅಂದೆ. "ಹೂಂ ಅಣ್ಣಾ, ನೋಡ್ತೀನಿ" ಅಂದ. ಆಮೇಲೆ ಸ್ವಲ್ಪ ತಡೆದು ಕೇಳಿದ, "ತಾತ ರಸ್ತೆ ಕೆಲಸಕ್ಕೆ ಹೋದ ಮೇಲೆ ಆ ಗೌಡರ ಮನೇಲಿ ಜೀತಕ್ಕೆ ಯಾರಿದ್ರು?"

ಯಾರಿದ್ದರು ಅಂತ ನನಗೂ ಗೊತ್ತಿಲ್ಲ. ಈ ಸಲ ಊರಿಗೆ ಹೋದಾಗ ಚಿಕ್ಕಜ್ಜಿಯನ್ನ ಕೇಳಬೇಕು.

ಜೈ ಭೀಮ್.